ಸಂಪಿನ ನೀರು, ಪುದೀನದ ಪಾಡು

ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ಎರಡು ಕಡೆಯಿಂದ ನೀರು ಬರುತ್ತದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲೇ ಬೆಂಗಳೂರಿಗೆ ಏರಿ ಬರುವ ಕಾವೇರಿ ಒಂದು. ಅದು ಸಾಲದಾದಾಗ ಬರುವ ಟ್ಯಾಂಕರ್ ನೀರು ಇನ್ನೊಂದು; ಯಾವ ಬೋರ್‌ವೆಲ್ಲಿನದಪ್ಪಾ ಎಂದರೆ ಡ್ರೈವರ್ ಆಕಾಶ ನೋಡುತ್ತಾನೆ. ಇವತ್ತು ಯಾವುದು ಬಂದಿದೆ ಎಂದು ಯಾರೂ ಹೇಳಬೇಕಿಲ್ಲ. ಸೋಪು ನೊರೆ ಬಿಡದಿದ್ದರೆ, ನಾಲ್ಕು ವಿಸಿಲ್ ಕೂಗಿದ ಮೇಲೂ ತೊಗರಿಬೇಳೆ ಕಾಳುಕಾಳಾಗಿಯೇ ಕೂತಿದ್ದರೆ ಟ್ಯಾಂಕರು. ಈ ಪರೀಕ್ಷೆಗಳ ಸಾಲಿಗೆ ಈಚೆಗೆ ನನ್ನ ಬಾಲ್ಕನಿಯ ಪುದೀನವೂ ಸೇರಿಕೊಂಡಿತು.

ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಹೈಡ್ರೋಪೋನಿಕ್ಸ್ ಕಿಟ್ ಅದು. ತೂತು ಕೊರೆದ ಬಿಳಿ ಪಿವಿಸಿ ಪೈಪುಗಳು, ತೂತಿನಲ್ಲಿ ಕೂರುವ ಜಾಲರಿ ಬಟ್ಟಲುಗಳು, ಕೆಳಗೊಂದು ಬಕೆಟ್ಟು, ಅದರೊಳಗೆ ಮುಷ್ಟಿಯಷ್ಟು ಪಂಪು. ಜೊತೆಗೆ ‘ಎ’ ಮತ್ತು ‘ಬಿ’ ಎಂಬ ಎರಡು ಗೊಬ್ಬರದ ಬಾಟಲಿ. ಇವೆರಡನ್ನೂ ಬೇರೆಬೇರೆಯಾಗಿ ನೀರಿಗೆ ಬೆರೆಸಬೇಕು. ಹಾಗೆಯೇ ಒಂದಕ್ಕೊಂದು ಸುರಿದರೆ ಒಂದರ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟು, ಫಾಸ್ಫೇಟುಗಳ ಜೊತೆ ಸೇರಿ ಬಿಳಿ ಗಸಿಯಾಗಿ ತಳ ಸೇರುತ್ತದೆ. ಗಿಡಕ್ಕೆ ಎರಡೂ ಇಲ್ಲ. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆ ಕನ್ನಡಕ ಏರಿಸಿಕೊಂಡು ಇದನ್ನೆಲ್ಲ ನೋಡಿ, “ಎಂತ ಮಾರಾಯ್ತಿ, ಗಿಡಗಳಿಗೆ ಗ್ಲೂಕೋಸ್ ಹಾಕಿ ಮಲಗಿಸಿದ್ದೀಯಲ್ಲೆ!” ಅಂದರು.

ಮೊದಮೊದಲು ಪುದೀನ ಅತ್ತೆಯ ಬಾಯಿ ಮುಚ್ಚಿಸುವಷ್ಟು ಚಿಗುರಿತು. ಮಾರ್ಚ್ ಬಂತು, ಕಾವೇರಿ ಸಣ್ಣಗಾಯಿತು, ಟ್ಯಾಂಕರುಗಳು ಹೆಚ್ಚಿದವು, ಗಿಡ ಹಳದಿಗೆ ತಿರುಗಿತು. ಹಳದಿಯಲ್ಲೂ ಬಗೆಗಳಿವೆ. ಕೆಳಗಿನ ಮುದಿ ಎಲೆಗಳು ಹಳದಿಯಾದರೆ ಸಾರಜನಕ ಸಾಲದು. ಗಿಡ ಹಳೆ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಉಣಿಸುತ್ತಿದೆ ಎಂದರ್ಥ. ನಮ್ಮ ಪುದೀನದಲ್ಲಿ ಕೆಳಗಿನ ಎಲೆಗಳು ಹಸಿರಾಗಿಯೇ ಇದ್ದವು, ತುದಿಯ ಚಿಗುರು ಮಾತ್ರ ಬಿಳಚಿಕೊಂಡಿತ್ತು. ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದೆ. ನರಗಳೆಲ್ಲ ಕಡು ಹಸಿರು, ನರನರದ ನಡುವೆ ನಿಂಬೆ ಸಿಪ್ಪೆಯ ಹಳದಿ. ಇದು ಕಬ್ಬಿಣದ ಕೊರತೆಯ ಗುರುತು. ಒಮ್ಮೆ ಎಲೆ ಸೇರಿದ ಕಬ್ಬಿಣ ಅಲ್ಲಿಂದ ಸುಲಭಕ್ಕೆ ಏಳುವುದಿಲ್ಲ, ಹಾಗಾಗಿ ಹೊಸ ಎಲೆಯೇ ಉಪವಾಸ ಬೀಳುತ್ತದೆ. 1840ರ ದಶಕದಲ್ಲೇ ಫ್ರಾನ್ಸಿನ ಯೂಸೆಬ್ ಗ್ರಿಸ್ ಇಂಥ ಬಿಳಚಿದ ಎಲೆಗಳಿಗೆ ಕಬ್ಬಿಣದ ಲವಣದ ನೀರು ಸವರಿ ಅವು ಹಸಿರಾಗುವುದನ್ನು ತೋರಿಸಿದ್ದ.

ಆದರೆ ನಮ್ಮ ಬಾಟಲಿಯಲ್ಲಿ ಕಬ್ಬಿಣ ಇತ್ತಲ್ಲ! ಲೇಬಲ್ಲಿನ ಮೇಲೆ ‘ಇಡಿಟಿಎ ಕಬ್ಬಿಣ’ ಎಂದೇ ಬರೆದಿತ್ತು. ಸಾದಾ ಕಬ್ಬಿಣದ ಲವಣ ನೀರಿನಲ್ಲಿ ಬೇಗ ತುಕ್ಕಿನಂತಾಗಿ ತಳ ಸೇರುತ್ತದೆಂದು ಅದನ್ನು ಇಡಿಟಿಎ ಎಂಬ ಅಣುವಿನ ಹಿಡಿತದಲ್ಲಿಟ್ಟು ಕೊಡುವ ಉಪಾಯವನ್ನು 1951ರಲ್ಲಿ ಕ್ಯಾಲಿಫೋರ್ನಿಯಾದ ಲೂಯಿ ಜೇಕಬ್‌ಸನ್ ಪ್ರಕಟಿಸಿದ. ಆ ಹಿಡಿತ ಗಟ್ಟಿಯಾಗಿರುವುದು ಪಿಎಚ್ 6.5ರ ಆಸುಪಾಸಿನವರೆಗೆ ಮಾತ್ರ. ಪಿಎಚ್ ಪಟ್ಟಿಯನ್ನು ಬಕೆಟ್ಟಿಗೆ ಅದ್ದಿದರೆ 8ರ ಬಣ್ಣ ಬಂತು. ಸೊಪ್ಪಿಗೆ ಬೇಕಾದದ್ದು 5.5ರಿಂದ 6.5.

ಪಕ್ಕದ ಮನೆಯವರು ನಿಂಬೆರಸ ಹಿಂಡಿ ಎಂದರು. ಹಿಂಡಿದ ದಿನ ಇಳಿಯಿತು, ಆಮೇಲೆ ಮತ್ತೆ ಮೇಲಕ್ಕೆ. ನಿಂಬೆಯ ಹುಳಿಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಅಂಗಡಿಯ ಫಾಸ್ಫರಿಕ್ ಆ್ಯಸಿಡ್ಡಿನ ಹನಿಗಳೂ ದಿನಾ ಬೇಕಾದವು, ಯಾಕೆಂದರೆ ಹೊಸದಾಗಿ ತುಂಬಿಸುವ ಒಂದೊಂದು ಚೊಂಬು ಬೋರ್‌ವೆಲ್ ನೀರಿನೊಂದಿಗೂ ಬೈಕಾರ್ಬೊನೇಟು ಬಂದು ಆ್ಯಸಿಡ್ಡನ್ನು ನುಂಗುತ್ತಿತ್ತು. ಟಿಡಿಎಸ್ ಮೀಟರಿನಲ್ಲಿ ಕಾವೇರಿ ನೀರು 200ರ ಹತ್ತಿರ ತೋರಿದರೆ ಟ್ಯಾಂಕರಿನದು 800 ದಾಟುತ್ತಿತ್ತು. ಲವಣ ಎಷ್ಟಿದೆ ಎಂದು ಹೇಳುವ ಮೀಟರು ಯಾವ ಲವಣ ಎಂದು ಹೇಳುವುದಿಲ್ಲ. ಗೊಬ್ಬರದ್ದೋ ಬಂಡೆಯ ಸುಣ್ಣದ್ದೋ, ಅದಕ್ಕೆ ಎಲ್ಲವೂ ಒಂದೇ.

ನೀರಿನೊಳಗೆ ಏನಿದೆ ಎಂಬ ಈ ಜಗಳ ಮುನ್ನೂರು ವರ್ಷಕ್ಕೂ ಹಳೆಯದು. ವಾನ್ ಹೆಲ್ಮಾಂಟ್ ಎಂಬ ಫ್ಲೆಮಿಶ್ ವೈದ್ಯ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು ಐದು ವರ್ಷ ಬರೀ ನೀರೆರೆದ. ಮರ 169 ಪೌಂಡಾಯಿತು, ಮಣ್ಣು ಕರಗಿದ್ದು ಎರಡು ಔನ್ಸ್. ಹಾಗಾದರೆ ಗಿಡವೆಂದರೆ ನೀರೇ ಎಂದು ಅವನು ತೀರ್ಮಾನಿಸಿದ. ಗಾಳಿಯ ಇಂಗಾಲ ಅವನ ಲೆಕ್ಕದಲ್ಲಿರಲಿಲ್ಲ.

ಇದನ್ನು ಒಪ್ಪದವನು ಲಂಡನ್ನಿನ ಜಾನ್ ವುಡ್‌ವರ್ಡ್. ಅವನು ಪರೀಕ್ಷೆಗೆ ಆರಿಸಿಕೊಂಡದ್ದೂ ಪುದೀನದ ಜಾತಿಯದೇ. ಗಾಜಿನ ಸೀಸೆಗಳಲ್ಲಿ ನೀರು ತುಂಬಿ, ಬಾಯಿಗೆ ಚರ್ಮಪತ್ರ ಕಟ್ಟಿ, ನಡುವೆ ತೂತು ಮಾಡಿ ಕಡ್ಡಿ ಇಳಿಬಿಟ್ಟ. ನನ್ನ ಪೈಪಿನ ತೂತಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. 77 ದಿನಗಳ ಮೇಲೆ ತೂಗಿದಾಗ ಬುಗ್ಗೆ ನೀರಿನ ಗಿಡ 15 ಗ್ರೇನ್ ಬೆಳೆದಿತ್ತು, ಮಳೆನೀರಿನದು 17.5, ಥೇಮ್ಸ್ ನದಿಯದು 26. ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ನೀರು ಕೊಳೆಯಾದಷ್ಟೂ ಗಿಡ ಚೆನ್ನ. ಅಂದಮೇಲೆ ಗಿಡ ತಿನ್ನುವುದು ನೀರನ್ನಲ್ಲ, ನೀರಿನಲ್ಲಿ ಬೆರೆತ ಮಣ್ಣಿನಂಶವನ್ನು ಎಂದು 1699ರಲ್ಲಿ ಬರೆದ. ಆ ಅಂಶಗಳನ್ನು ಲವಣವಾಗಿ ಅಳೆದು ನೀರಿಗೆ ಹಾಕುವ ವಿದ್ಯೆಯನ್ನು 1860ರ ಹೊತ್ತಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ಕಲಿಸಿದರು. ಅಲ್ಲಿಗೆ ವುಡ್‌ವರ್ಡನ ಪಟ್ಟಿ ತಲೆಕೆಳಗಾಯಿತು. ಊಟವನ್ನು ನಾವೇ ಬಡಿಸುವುದಾದರೆ ಎಲೆ ಖಾಲಿಯಿರುವುದೇ ಒಳ್ಳೆಯದು. ಥೇಮ್ಸಿಗಿಂತ ಮಳೆನೀರು ಮೇಲು.

ಆರ್‌ಓ ನೀರು ಹಾಕಿ ಎಂಬ ಸಲಹೆಯೂ ಬಂತು. ಒಂದು ಬಿಂದಿಗೆಗೆ ಎರಡು ಮೂರು ಬಿಂದಿಗೆ ಹೊರಗೆ ಹರಿಸುವ ಯಂತ್ರವನ್ನು ಬೇಸಿಗೆಯ ಬೆಂಗಳೂರಿನಲ್ಲಿ ಪುದೀನಕ್ಕಾಗಿ ಓಡಿಸಲು ನನಗೆ ಮನಸ್ಸು ಬರಲಿಲ್ಲ. ಏಪ್ರಿಲ್‌ನ ಮೊದಲ ಮಳೆಗೆ ಟೆರೇಸಿನ ಪೈಪಿನ ಕೆಳಗೆ ಡ್ರಮ್ಮು ಇಟ್ಟೆ. ಧೂಳು ತೊಳೆದುಹೋದ ಮೇಲಿನ ನೀರು ಹಿಡಿದು, ‘ಎ’ ‘ಬಿ’ ಬೆರೆಸಿ, ಪಿಎಚ್ 6ಕ್ಕೆ ತಂದರೆ ಅದು ಅಲ್ಲಾಡಲಿಲ್ಲ. ಹೊಸ ಚಿಗುರು ಹಸಿರಾಗಿ ಬಂತು.

ಸೆಕೆಯದು ಬೇರೆ ಕಾಟ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಬೇರು ಕಂದಾಗಿ ಲೋಳೆಗಟ್ಟುತ್ತದೆ. ತೆಳು ಬಿಳಿ ಪೈಪಿನೊಳಗೆ ಬೆಳಕು ನುಗ್ಗಿ ಪಾಚಿ. ಫ್ರೀಜರಿನ ನೀರಿನ ಬಾಟಲಿ ಬಕೆಟ್ಟಿಗೆ, ಹಳೆ ಕೊಡೆಯ ಕಪ್ಪು ಬಟ್ಟೆ ಪೈಪಿಗೆ.

ಕಿಟ್ಟಿನ ಡಬ್ಬಿಯ ಮೇಲೆ ‘ದುಪ್ಪಟ್ಟು ಇಳುವರಿ’ ಎಂದಿದೆ. ಈ ಆಸೆಯ ಮೂಲ ಬರ್ಕ್ಲಿಯ ವಿಲಿಯಂ ಗೆರಿಕೆ. 25 ಅಡಿ ಎತ್ತರದ ಟೊಮ್ಯಾಟೊ ಬಳ್ಳಿಗಳನ್ನು ನೀರಿನಲ್ಲಿ ಬೆಳೆದು ಊರನ್ನೇ ಬೆರಗುಗೊಳಿಸಿ, 1937ರಲ್ಲಿ ಈ ಪದ್ಧತಿಗೆ ಹೈಡ್ರೋಪೋನಿಕ್ಸ್ ಎಂಬ ಹೆಸರನ್ನು ಚಲಾವಣೆಗೆ ತಂದ. ಮರುವರ್ಷವೇ ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್, ಒಳ್ಳೆಯ ಮಣ್ಣಿಗಿಂತ ಇದರಲ್ಲಿ ವಿಶೇಷವೇನಿಲ್ಲ ಎಂದು ಬರೆದು ಉತ್ಸಾಹಕ್ಕೆ ನೀರೆರಚಿದರು. ನಾನು ಅವರಿಬ್ಬರ ಪಕ್ಷ. ಅತ್ತೆಯೂ ಅದೇ ಪಕ್ಷ, ಹೆಸರು ಗೊತ್ತಿಲ್ಲ ಅಷ್ಟೆ.

ಹದಿನೈದು ದಿನಕ್ಕೊಮ್ಮೆ ಬಕೆಟ್ಟಿನ ಹಳೇ ನೀರು ಚೆಲ್ಲಬೇಕು. ಅದನ್ನು ಮೋರಿಗೆ ಸುರಿಯಲು ಅತ್ತೆ ಬಿಡುವುದಿಲ್ಲ. ನೀರು ಬೆರೆಸಿ ತೆಳುಮಾಡಿ ತಮ್ಮ ಕರಿಬೇವಿನ ಮಣ್ಣಿನ ಕುಂಡಕ್ಕೆ ಹೊಯ್ಯುತ್ತಾರೆ. ಕರಿಬೇವು ಗ್ರಿಲ್ ದಾಟಿ ಹೊರಗೆ ಚಾಚಿದೆ. ನಿನ್ನೆ ಒಗ್ಗರಣೆಗೆ ಎಸಳು ಮುರಿಯುತ್ತಾ ಕೇಳಿದರು: “ಮತ್ತೆ ಬಕೆಟ್ಟು ಯಾವಾಗ ಖಾಲಿ ಮಾಡ್ತೀಯೆ?”