ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬುದೊಂದು ಪುಟ್ಟ ಪದ. ಜ್ವರ ಬಂದವನಿಗೆ ವೈದ್ಯನು ಕೊಡುವುದು ಮದ್ದು. ಬಂದೂಕಿನ ನಳಿಗೆಗೆ ತುಂಬುವುದೂ ಮದ್ದೇ. ಹಗೆಯವನು ಅನ್ನದಲ್ಲಿ ಕಲಸಿ ಇಕ್ಕುವ ವಿಷವನ್ನೂ ಹಳ್ಳಿಯ ಜನ ಮದ್ದೆಂದೇ ಕರೆಯುತ್ತಾರೆ. ಉಳಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿಟ್ಟ ಹಿರಿಯರಿಗೆ ಪದಗಳ ಬಡತನವಿತ್ತೆಂದು ತಿಳಿಯಬಾರದು. ವಸ್ತು ಒಂದೇ, ಅದು ಅಮೃತವಾಗುವುದೋ ವಿಷವಾಗುವುದೋ ಎಂಬುದು ಕೊಡುವ ಕೈಯನ್ನು ಅವಲಂಬಿಸಿದೆ ಎಂಬ ಅನುಭವ ಆ ಪದದಲ್ಲಿ ಅಡಗಿದೆ. ಇಪ್ಪತ್ತನೆಯ ಶತಮಾನದ ರಸಾಯನವಿಜ್ಞಾನದ ಚರಿತ್ರೆಯು ಈ ಪುಟ್ಟ ಪದಕ್ಕೆ ಬರೆದ ದೊಡ್ಡ ಭಾಷ್ಯದಂತಿದೆ.

ಆ ಭಾಷ್ಯದ ಮೊದಲ ಅಧ್ಯಾಯ ಫ್ರಿಟ್ಸ್ ಹೇಬರ್ ಎಂಬ ಜರ್ಮನ್ ವಿಜ್ಞಾನಿಯ ಬಾಳು. ಅವನು 1868ರಲ್ಲಿ ಬ್ರೆಸ್ಲೌ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ಪೈರು ಬೆಳೆಯಲು ನೈಟ್ರೋಜನ್ ಬೇಕು. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಅದೇ ಆದರೂ ಪೈರು ಅದನ್ನು ನೇರವಾಗಿ ಹೀರಲಾರದು. ಅವರೆ, ತೊಗರಿಗಳ ಬೇರುಗಂಟಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳಂತಹ ಕೆಲವಕ್ಕೆ ಮಾತ್ರ ಆ ವಿದ್ಯೆ ತಿಳಿದಿತ್ತು. ಆದುದರಿಂದ ಯೂರೋಪಿನ ದೇಶಗಳು ದೂರದ ಚಿಲಿಯಿಂದ ಹಡಗುಗಳಲ್ಲಿ ಪೆಟ್ಲುಪ್ಪನ್ನು ತರಿಸಿಕೊಳ್ಳುತ್ತಿದ್ದವು. 1909ರಲ್ಲಿ ಹೇಬರನು ಹೆಚ್ಚಿನ ಒತ್ತಡದಲ್ಲಿ ನೈಟ್ರೋಜನ್ನನ್ನೂ ಹೈಡ್ರೋಜನ್ನನ್ನೂ ಕೂಡಿಸಿ ಅಮೋನಿಯಾ ತಯಾರಿಸಿ ತೋರಿಸಿದನು. ಕಾರ್ಲ್ ಬಾಷ್ ಎಂಬುವನು ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದನು. 1913ರಲ್ಲಿ ಓಪ್ಪಾವು ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಗಾಳಿಯಿಂದಲೇ ಗೊಬ್ಬರ ದೊರೆಯಿತು. ಇಂದು ಕನ್ನಡನಾಡಿನ ರೈತನು ಗದ್ದೆಗೆ ಎರಚುವ ಯೂರಿಯಾ ತಯಾರಾಗುವುದೂ ಇಂತಹ ಅಮೋನಿಯಾದಿಂದಲೇ.

1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಹೊಲಕ್ಕೆ ಹೋಗಬೇಕಾಗಿದ್ದ ಅಮೋನಿಯಾ ನೈಟ್ರಿಕ್ ಆಮ್ಲವಾಗಿ, ಸಿಡಿಮದ್ದಾಗಿ ರಣರಂಗಕ್ಕೆ ಹೋಯಿತು. ಹೇಬರನು ಅಲ್ಲಿಗೆ ನಿಲ್ಲಲಿಲ್ಲ. ಶತ್ರುವಿನ ಕಂದಕಗಳಿಗೆ ಕ್ಲೋರಿನ್ ಅನಿಲವನ್ನು ಹರಿಯಬಿಡುವ ಯೋಜನೆಗೆ ಅವನೇ ಮುಂದಾಳಾದನು. ಉಸಿರುಗಟ್ಟಿಸುವ ಅನಿಲವನ್ನು ತುಂಬಿದ ಗುಂಡುಗಳನ್ನು ಹಾರಿಸಬಾರದೆಂದು 1899ರಲ್ಲಿಯೇ ಹೇಗ್ ನಗರದಲ್ಲಿ ರಾಷ್ಟ್ರಗಳು ಒಪ್ಪಿದ್ದವು. ಗುಂಡಿನಲ್ಲಿ ತುಂಬದೆ ಉರುಳೆಯಿಂದ ಬಿಟ್ಟರೆ ಆ ಮಾತನ್ನು ಮೀರಿದಂತಾಗದು ಎಂಬ ಜಾಣತನಕ್ಕೆ ಎಡೆಯಿತ್ತು. 1915ರ ಏಪ್ರಿಲ್ 22ರ ಸಂಜೆ ಬೆಲ್ಜಿಯಂನ ಈಪ್ರ ಪಟ್ಟಣದ ಬಳಿ 5,000ಕ್ಕೂ ಹೆಚ್ಚು ಉರುಳೆಗಳ ಬಾಯಿ ತೆರೆಯಲಾಯಿತು. ಹಸುರು ಬೆರೆತ ಹಳದಿಯ ಮೋಡವೊಂದು ನೆಲವನ್ನು ತಡವುತ್ತ ಸಾಗಿತು. ಗಾಳಿಗಿಂತ ಭಾರವಾದ ಅನಿಲವದು; ಸೈನಿಕರು ಅಡಗಿದ್ದ ತಗ್ಗುಗಳಿಗೇ ಇಳಿಯಿತು. ಅವರ ಶ್ವಾಸಕೋಶಗಳಲ್ಲಿ ನೀರು ತುಂಬಿತು. ಒಣನೆಲದ ಮೇಲೆ ನಿಂತವರು ನೀರಿನಲ್ಲಿ ಮುಳುಗಿದವರಂತೆ ಸತ್ತರು.

ಹೇಬರನ ಪತ್ನಿ ಕ್ಲಾರಾ ಇಮ್ಮರ್‌ವಾರ್ ಕೂಡ ರಸಾಯನಶಾಸ್ತ್ರಜ್ಞೆ. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಪಡೆದ ಮೊದಲ ಮಹಿಳೆ. ಗಂಡನ ಈ ಕಾರ್ಯವನ್ನು ಆಕೆ ವಿಜ್ಞಾನಕ್ಕೆ ಬಗೆದ ದ್ರೋಹವೆಂದು ಕಂಡಳೆಂದು ಹೇಳುವವರುಂಟು. ಈಪ್ರದ ಘಟನೆ ನಡೆದ ಹತ್ತೇ ದಿನಗಳಲ್ಲಿ ಆಕೆ ತನ್ನ ಬಾಳನ್ನು ತಾನೇ ಮುಗಿಸಿಕೊಂಡಳು. ಹೇಬರನು 12 ವರ್ಷದ ಮಗನನ್ನು ಬಿಟ್ಟು ಪೂರ್ವದ ರಣರಂಗಕ್ಕೆ ಹೊರಟುಹೋದನು. ಅದೇ ಕಾಲದಲ್ಲಿ ಜೂರಿಕ್‌ನಲ್ಲಿದ್ದ ಹರ್ಮನ್ ಸ್ಟೌಡಿಂಗರ್ ಎಂಬ ಮತ್ತೊಬ್ಬ ಜರ್ಮನ್ ರಸಾಯನಶಾಸ್ತ್ರಜ್ಞನು ಅನಿಲಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದನು. ಹೇಬರನು ಅವನನ್ನು ನಿಷ್ಠುರವಾಗಿ ದೂಷಿಸಿದನು. ಇವರೆಲ್ಲರೂ ಓದಿದ ಶಾಸ್ತ್ರ ಒಂದೇ. ದೇಶಪ್ರೇಮವೆಂಬ ಮಾತು ಬಂದಾಗ ಒಬ್ಬನಿಗೆ ಅದೇ ಸಾಕಾಯಿತು, ಇನ್ನೊಬ್ಬನಿಗೆ ಸಾಲದಾಯಿತು.

ಆ ಯುದ್ಧದಲ್ಲಿ ವಿಷಾನಿಲದಿಂದ ಸತ್ತವರು ಸುಮಾರು 90,000 ಜನ. ನೊಂದವರು ಹತ್ತು ಲಕ್ಷಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ, ಅಮೋನಿಯಾ ಸಾಧನೆಗಾಗಿ ಹೇಬರನಿಗೆ 1918ರ ನೊಬೆಲ್ ಬಹುಮಾನ ಸಂದಿತು. ಆದರೆ 1933ರಲ್ಲಿ ನಾಜಿಗಳ ಆಳ್ವಿಕೆ ಬಂದಾಗ, ಯಾವ ದೇಶಕ್ಕಾಗಿ ಅವನು ಎಲ್ಲವನ್ನೂ ಮಾಡಿದ್ದನೋ ಆ ದೇಶದಲ್ಲಿ ಅವನಿಗೆ ಇರಲು ಎಡೆಯಿಲ್ಲದಾಯಿತು. ಮರುವರ್ಷ ಪರನಾಡಿನಲ್ಲಿ ತೀರಿಕೊಂಡನು. ಅವನ ಸಂಸ್ಥೆಯಲ್ಲಿ ನಡೆದ ಕೀಟನಾಶಕಗಳ ಸಂಶೋಧನೆಯಿಂದ ರೂಪುಗೊಂಡ ವಿಷವನ್ನೇ ಮುಂದೆ ನಾಜಿಗಳು ಮರಣಶಿಬಿರಗಳಲ್ಲಿ ಯೆಹೂದಿಗಳ ಮೇಲೆ ಪ್ರಯೋಗಿಸಿದರು. ಅವನ ಬಂಧುಗಳಲ್ಲಿಯೂ ಕೆಲವರು ಅಂತಹ ಶಿಬಿರಗಳಲ್ಲಿ ಮಡಿದರು.

ವಿಷವು ಮದ್ದಾದ ಕಥೆಯೂ ಉಂಟು. 1917ರಲ್ಲಿ ರಣರಂಗಕ್ಕೆ ಬಂದ ಸಾಸಿವೆ ಅನಿಲವು ಮೈಯೆಲ್ಲ ಬೊಬ್ಬೆ ಎಬ್ಬಿಸುವ ಘೋರ ವಿಷ. ಅದರಿಂದ ಸತ್ತವರ ದೇಹಗಳನ್ನು ಪರೀಕ್ಷಿಸಿದಾಗ ರಕ್ತದ ಬಿಳಿಯ ಕಣಗಳು ನಾಶವಾಗಿದ್ದುದು ಕಂಡುಬಂದಿತು. ಕೆಲವು ಬಗೆಯ ಕ್ಯಾನ್ಸರಿನಲ್ಲಿ ಈ ಕಣಗಳೇ ಮಿತಿಮೀರಿ ಬೆಳೆಯುತ್ತವೆ. ಹಾಗಾದರೆ ಈ ವಿಷ ಅಲ್ಲಿ ಉಪಕರಿಸಲಾರದೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ವಿಜ್ಞಾನಿಗಳು 1942ರಲ್ಲಿ ಅದರ ಬಳಗದ ನೈಟ್ರೋಜನ್ ಮಸ್ಟರ್ಡ್ ಎಂಬ ರಾಸಾಯನಿಕವನ್ನು ಪರೀಕ್ಷಿಸಿದರು. ರೋಗಿಯೊಬ್ಬನ ಗಡ್ಡೆಗಳು ಕರಗಿದವು. ರೋಗ ಮರಳಿ ಬಂದು ಅವನು ಉಳಿಯಲಿಲ್ಲವಾದರೂ ದಾರಿಯೊಂದು ತೆರೆಯಿತು. ಆ ಬಳಗಕ್ಕೆ ಸೇರಿದ ಸೈಕ್ಲೋಫಾಸ್ಫಮೈಡ್ ಎಂಬ ಔಷಧ ಇಂದಿಗೂ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಹಾಗೆಂದು ವೈದ್ಯನ ಕೈ ತಾನಾಗಿಯೇ ಪವಿತ್ರವೆಂದು ನಂಬಿ ಕೂರುವಂತಿಲ್ಲ. ತನ್ನ ಪ್ರಾಣಕ್ಕೆ ಕುತ್ತು ಬಂದರೂ ರೋಗಿಗೆ ಕೇಡನ್ನು ಬಯಸಬಾರದೆಂದು ಚರಕಸಂಹಿತೆಯು ವೈದ್ಯವಿದ್ಯಾರ್ಥಿಗೆ ವಿಧಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿನ ಸೇನಾವೈದ್ಯ ಇಶಿಯಿ ಶಿರೋ ಎಂಬುವನು ಚೀನಾದ ಹಾರ್ಬಿನ್ ಬಳಿ, ಸೆರೆಯಾಳುಗಳ ಮೇಲೆ ಪ್ಲೇಗ್ ಮೊದಲಾದ ರೋಗಾಣುಗಳನ್ನು ಪ್ರಯೋಗಿಸಿದನು. ಜರ್ಮನಿಯ ಶಿಬಿರಗಳಲ್ಲಿಯೂ ವೈದ್ಯರು ಇಂತಹ ಕ್ರೌರ್ಯಕ್ಕೆ ಇಳಿದರು. ಅವರ ವಿಚಾರಣೆ ನಡೆದ ನ್ಯೂರೆಂಬರ್ಗ್ ನ್ಯಾಯಾಲಯವು, ಮನುಷ್ಯನ ಮೇಲೆ ಪ್ರಯೋಗ ನಡೆಸಲು ಅವನು ಮನಃಪೂರ್ವಕವಾಗಿ ಒಪ್ಪಿರಲೇಬೇಕೆಂಬ ನಿಯಮವನ್ನು 1947ರಲ್ಲಿ ಸಾರಿತು.

ರಾಷ್ಟ್ರಗಳೂ ನಿಧಾನವಾಗಿ ಪಾಠ ಕಲಿತವು. 1925ರ ಜಿನೀವಾ ಒಪ್ಪಂದವು ಇಂತಹ ಅಸ್ತ್ರಗಳ ಬಳಕೆಯನ್ನು ನಿಷೇಧಿಸಿದರೂ ತಯಾರಿಕೆಯನ್ನು ತಡೆಯಲಿಲ್ಲ. ಜೈವಿಕ ಅಸ್ತ್ರಗಳ ತಯಾರಿಕೆಯನ್ನೇ ನಿಷೇಧಿಸುವ ಒಪ್ಪಂದ 1975ರಲ್ಲಿಯೂ, ರಾಸಾಯನಿಕ ಅಸ್ತ್ರಗಳಿಗೆ ಸಂಬಂಧಿಸಿದ ಒಪ್ಪಂದ 1997ರಲ್ಲಿಯೂ ಜಾರಿಗೆ ಬಂದವು. ಭಾರತವು 2009ರಲ್ಲಿ ತನ್ನ ಸಂಗ್ರಹವನ್ನು ಪೂರ್ತಿಯಾಗಿ ನಾಶಪಡಿಸಿತು. ಅಮೆರಿಕದ ಸಂಗ್ರಹ 2023ರಲ್ಲಿ ಕೊನೆಗೊಂಡಿತು. 1997ರ ಒಪ್ಪಂದದ ಒಂದು ವಿಶೇಷ ಗಮನಾರ್ಹವಾದುದು. ವಿಷವಸ್ತುವು ಅಸ್ತ್ರವೇ ಅಲ್ಲವೇ ಎಂಬುದನ್ನು ಅದು ನಿರ್ಣಯಿಸುವುದು ಬಳಸುವವನ ಉದ್ದೇಶದಿಂದ. ಕುಡಿಯುವ ನೀರನ್ನು ಶುದ್ಧಗೊಳಿಸುವ ಕ್ಲೋರಿನ್ ನಿಷಿದ್ಧವಲ್ಲ. ಮನುಷ್ಯರ ಮೇಲೆ ಬಿಡಲು ಕೂಡಿಟ್ಟ ಕ್ಲೋರಿನ್ ಅಸ್ತ್ರ. ಕನ್ನಡದ ಹಳೆಯ ಪದಕ್ಕೆ ತಿಳಿದಿದ್ದುದನ್ನೇ ಜಗತ್ತಿನ ಕಾನೂನು ಮತ್ತೊಂದು ದಾರಿಯಿಂದ ಬಂದು ಕಂಡಿತು.

ಈ ವಿವೇಕ ಈಗ ಮತ್ತಷ್ಟು ಅಗತ್ಯವಾಗಿದೆ. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೋಮೀಟರ್. ಆ ಅಳತೆಯ ಕಣಗಳನ್ನು ಕಟ್ಟುವ ವಿದ್ಯೆಯೇ ನ್ಯಾನೋ ತಂತ್ರಜ್ಞಾನ. ಕೋವಿಡ್ ಸೋಂಕಿನ ವಿರುದ್ಧ 2020ರಲ್ಲಿ ಬಂದ ಕೆಲವು ಲಸಿಕೆಗಳು ಇಂತಹ ಸೂಕ್ಷ್ಮ ಕೊಬ್ಬಿನ ಕಣಗಳ ಒಳಗೆ ಕುಳಿತು ಜೀವಕೋಶವನ್ನು ಹೊಕ್ಕವು. ಮದ್ದನ್ನು ಹೊತ್ತು ದೇಹದ ಕಾವಲನ್ನು ದಾಟಬಲ್ಲ ವಾಹನವು ವಿಷವನ್ನು ಹೊರಲಾರೆನೆಂದು ತಾನಾಗಿ ಹೇಳುವುದಿಲ್ಲ. ಹೊಸ ವಿದ್ಯೆಗೆ ಹೆದರಿ ಬಾಗಿಲು ಮುಚ್ಚುವುದು ಇದಕ್ಕೆ ಪರಿಹಾರವಲ್ಲ. ಹಾಗೆ ಮಾಡಿದರೆ ರೋಗಿಯೂ ಹೊರಗೆ ಉಳಿಯುತ್ತಾನೆ.

ಒಪ್ಪಂದಗಳು ಬೇಕು, ತನಿಖೆಗಳು ಬೇಕು. ಆದರೆ ಪ್ರಯೋಗಶಾಲೆಯಲ್ಲಿ ಏನು ಕುದಿಯುತ್ತಿದೆಯೆಂಬುದು ಮೊದಲು ತಿಳಿಯುವುದು ಅಲ್ಲಿ ನಿಂತವನಿಗೆ. ‘ಬೇಡ’ ಎನ್ನುವ ಮೊದಲ ಅವಕಾಶವೂ ಅವನದೇ. ಸ್ಟೌಡಿಂಗರನು ಆ ಅವಕಾಶವನ್ನು ಕೈಬಿಡಲಿಲ್ಲ. ವಿಜ್ಞಾನವನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಸೂತ್ರಗಳ ಜೊತೆಯಲ್ಲಿ ಇದೊಂದು ಮಾತನ್ನೂ ಕಲಿಯಬೇಕು.