ದಾರಿಯಲ್ಲಿ ಎಲ್ಲರೂ ಬಡವರು

ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ಸೂರಾ ಅತ್ತೌಬಾದಲ್ಲಿ ಹೆಸರಿಸಿದೆ. ಅವುಗಳಲ್ಲಿ ಕೊನೆಯವನು ಪ್ರಯಾಣಿಕ. ಅರಬಿಯಲ್ಲಿ ‘ಇಬ್ನುಸ್ಸಬೀಲ್’, ಅಂದರೆ ದಾರಿಯ ಮಗ. ಬಡವ, ನಿರ್ಗತಿಕ, ಸಾಲಗಾರ ಆ ಸಾಲಿನಲ್ಲಿ ಇರುವುದು ಯಾರಿಗಾದರೂ ಸಹಜವೆನಿಸುತ್ತದೆ. ಆದರೆ ಊರಿನಲ್ಲಿ ಮನೆ, ತೋಟ, ಹಣ ಎಲ್ಲವೂ ಇರುವವನು ಕೂಡ ದಾರಿಯ ನಡುವೆ ಸಿಲುಕಿದಾಗ ನೆರವಿಗೆ ಹಕ್ಕುದಾರನಾಗುತ್ತಾನೆ ಎಂದು ವಿದ್ವಾಂಸರು ವಿವರಿಸಿದ್ದಾರೆ. ಸಂಪತ್ತು ಇದ್ದೂ ಕೈಗೆಟುಕದ ಸ್ಥಿತಿಯೂ ಬಡತನವೇ ಎಂಬ ಈ ಮಾತಿನ ಆಳವನ್ನು ನಾನು ಕಂಡದ್ದು ಒಮಾನಿನ ಒಂದು ನಿರ್ಜನ ಕಡಲತೀರದಲ್ಲಿ.

2017ರ ಬಕ್ರೀದ್ ರಜೆಯಲ್ಲಿ ನಾವು ನಾಲ್ವರು ಗೆಳೆಯರು ಮಸ್ಕತ್‌ನಿಂದ ಸಲಾಲಕ್ಕೆ ಹೊರಟಿದ್ದೆವು. ಒಬ್ಬರು ಭಟ್ಕಳದವರು, ಒಬ್ಬರು ಉಡುಪಿ ಕಡೆಯ ಹಿಂದೂ ಮಿತ್ರರು, ಮತ್ತೊಬ್ಬರು ಕಣ್ಣೂರಿನ ಮಲಯಾಳಿ. ಸಲಾಲಕ್ಕೆ ಮರುಭೂಮಿಯನ್ನು ಸೀಳಿ ಸಾಗುವ ಹೆದ್ದಾರಿಯಿದೆ. ನಾವು ಅದನ್ನು ಬಿಟ್ಟು ಕಡಲ ಬದಿಯ ಸುತ್ತು ದಾರಿ ಹಿಡಿದೆವು. ಹಳೆಯದೊಂದು ಫೋರ್‌ವೀಲ್ ಡ್ರೈವ್ ವಾಹನ, ಎರಡು ಡೇರೆಗಳು, ಒಲೆ, ಅಕ್ಕಿ, ನೀರಿನ ಕ್ಯಾನುಗಳು, ಒಂದು ಐಸ್ ಪೆಟ್ಟಿಗೆ ಇವಿಷ್ಟು ನಮ್ಮ ಸಂಸಾರ.

ಸೂರ್ ಪಟ್ಟಣಕ್ಕೆ ಮುಂಚೆ ಸಿಗುವ ಖಲ್ಹಾತ್‌ನಲ್ಲಿ ಇಳಿದೆವು. ಹಿಂದೆ ದೊಡ್ಡ ಬಂದರು ನಗರವಾಗಿದ್ದ ಅಲ್ಲಿ ಈಗ ಬೀಬಿ ಮರ್ಯಂ ಅವರ ಗೋರಿಯ ಕಟ್ಟಡ ಒಂಟಿಯಾಗಿ ನಿಂತಿದೆ. 2018ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಸೂರ್‌ನಿಂದ ಖಲ್ಹಾತ್‌ವರೆಗೆ ಕಾಲ್ನಡಿಗೆಯಲ್ಲಿ ಬಂದದ್ದನ್ನು ತನ್ನ ಪ್ರವಾಸ ಕಥನದಲ್ಲಿ ಹೇಳಿಕೊಂಡಿದ್ದಾನೆ. ಜೊತೆಯಲ್ಲಿದ್ದವನು ಖಿಝ್ರ್ ಎಂಬ ಭಾರತೀಯ. ದಾರಿ ತೋರಿಸಲು ಕೂಲಿಗೆ ಬಂದವನೇ ದೋಚಲು ಹೊಂಚು ಹಾಕಿದ. ಬಾಯಾರಿ, ಕಾಲು ಊದಿಕೊಂಡು ಊರ ಬಾಗಿಲು ತಲುಪಿದ ಆತನನ್ನು ಅಲ್ಲಿಯ ಅಧಿಕಾರಿ ತನ್ನಲ್ಲೇ ಇರಿಸಿಕೊಂಡು ಉಪಚರಿಸಿದ. ಮುಂದೆ ಇದೇ ಪ್ರವಾಸಿ ನಮ್ಮ ಹೊನ್ನಾವರಕ್ಕೆ ಬಂದಾಗ ಅಲ್ಲಿಯ ಸುಲ್ತಾನ ಜಮಾಲುದ್ದೀನನ ಅತಿಥಿಯಾದ. ಲೋಕ ಸುತ್ತಿದ ಆ ಮಹಾ ಪ್ರವಾಸಿಯೂ ಅಪರಿಚಿತರ ಅನ್ನ, ನೀರಿನ ಮೇಲೆಯೇ ಬದುಕಿದವನು.

ಆ ರಾತ್ರಿ ರಾಸ್ ಅಲ್ ಜಿನ್ಝ್‌ನಲ್ಲಿ ಮಾರ್ಗದರ್ಶಕನ ಹಿಂದೆ ನಡೆದು, ಹಸಿರು ಕಡಲಾಮೆಯೊಂದು ಮರಳು ತೋಡಿ ಮೊಟ್ಟೆಯಿಡುವುದನ್ನು ಉಸಿರು ಬಿಗಿಹಿಡಿದು ನೋಡಿದೆವು. ಅಲ್ಲಿಂದ ದಕ್ಷಿಣಕ್ಕೆ ಊರುಗಳು ವಿರಳವಾಗುತ್ತವೆ. ಒಂದು ಕಡೆ ಮರಳು, ಇನ್ನೊಂದು ಕಡೆ ಅಬ್ಬರಿಸುವ ಕಡಲು. ಡೇರೆಯ ಗೂಟ ಕೀಳುವಷ್ಟು ಗಾಳಿ. ಅದು ನಮ್ಮದೇ ಅರಬ್ಬೀ ಸಮುದ್ರ. ಆದರೆ ನಮ್ಮೂರಲ್ಲಿ ಸೂರ್ಯ ಮುಳುಗುವ ಕಡಲಿನಿಂದಲೇ ಇಲ್ಲಿ ಸೂರ್ಯ ಹುಟ್ಟುತ್ತಾನೆ. ಫಜ್ರ್ ನಮಾಝ್ ಮುಗಿಸಿ ಪೂರ್ವಕ್ಕೆ ತಿರುಗಿ ಕುಳಿತಾಗ, ಈ ನೀರಿನ ಆಚೆ ದಡದಲ್ಲಿ ಮನೆಯವರು ಈಗಾಗಲೇ ಚಹಾ ಕುಡಿದಿರಬಹುದು ಎಂದು ಭಟ್ಕಳದ ಮಿತ್ರರು ಮೆಲ್ಲನೆ ಹೇಳಿದರು.

ಮರುದಿನ ಮಧ್ಯಾಹ್ನ ಬರ್ ಅಲ್ ಹಿಕ್ಮಾನ್ ಎಂಬಲ್ಲಿ ನಮ್ಮ ಪ್ರಯಾಣ ನಿಂತಿತು. ಇದು ಕಡಲಿಗೆ ಚಾಚಿಕೊಂಡ ವಿಶಾಲವಾದ ಬಯಲು ಭೂಮಿ. ಇಲ್ಲಿಯ ನೆಲಕ್ಕೆ ‘ಸಬ್ಖಾ’ ಎನ್ನುತ್ತಾರೆ. ಮೇಲೆ ಒಣಗಿದ ಉಪ್ಪಿನ ಹೊದಿಕೆ, ಕೆಳಗೆ ಹಸಿ ಕೆಸರು. ಹಿಂದೆ ಹೋದ ವಾಹನಗಳ ಜಾಡಿನಲ್ಲೇ ಸಾಗುತ್ತಿದ್ದ ನಮ್ಮ ಚಕ್ರಗಳು ಏಕಾಏಕಿ ಆ ಹೊದಿಕೆಯನ್ನು ಒಡೆದು ಕುಸಿದವು. ಟೈರುಗಳ ಗಾಳಿ ಇಳಿಸಿದೆವು, ಚಾಪೆ ಹಾಸಿದೆವು, ಸಲಿಕೆಯಿಂದ ಕೆಸರು ತೆಗೆದೆವು. ವಾಹನ ಇನ್ನಷ್ಟು ಕುಳಿತಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನೀರು ಎರಡು ಕ್ಯಾನಿನಷ್ಟು ಉಳಿದಿತ್ತು.

ನೀರಿಗಿಂತ ಹೆಚ್ಚಾಗಿ ನಮ್ಮನ್ನು ಕಾಡಿದ್ದು ಬೇರೆ ಚಿಂತೆ. ಕಣ್ಣೂರಿನ ಮಿತ್ರರು ಸಕ್ಕರೆ ಕಾಯಿಲೆಯವರು. ಅವರ ಇನ್ಸುಲಿನ್ ಇದ್ದ ಪೆಟ್ಟಿಗೆಯ ಐಸ್ ಪೂರ್ತಿ ಕರಗಿತ್ತು. ಅವರು ಏನೂ ಹೇಳಲಿಲ್ಲ. ಆಗಾಗ ಮುಚ್ಚಳ ತೆರೆದು ನೋಡಿ ಮುಚ್ಚುತ್ತಿದ್ದರು, ಅಷ್ಟೇ. ನಾಲ್ವರ ಜೇಬಿನಲ್ಲೂ ಸಂಬಳದ ರಿಯಾಲುಗಳಿದ್ದವು. ಆ ಬಯಲಿನಲ್ಲಿ ಅವು ಬರೀ ಕಾಗದ.

ಅಸರ್ ಹೊತ್ತಿಗೆ ದೂರದಲ್ಲಿ ಒಂದು ಪಿಕಪ್ ಕಾಣಿಸಿತು. ನಾವು ಬೀಸಿದ ಬಟ್ಟೆಯನ್ನು ಕಂಡು ಅದು ಗಟ್ಟಿ ನೆಲದ ಅಂಚಿನವರೆಗೆ ಬಂದು ನಿಂತಿತು. ಇಳಿದವರು ಸುಮಾರು ಅರವತ್ತರ ಹರೆಯದ ಒಬ್ಬ ಮೀನುಗಾರರು ಮತ್ತು ಅವರ ಇಬ್ಬರು ಮಕ್ಕಳು. ಸಲಾಂ ಹೇಳಿದ ಬೆನ್ನಿಗೇ ಅವರ ಬಾಯಿಂದ ಬಂದ ಮೊದಲ ಮಾತು ಹಿಂದಿಯಲ್ಲಿತ್ತು. “ಪಾನಿ ಹೈ?” ಯಾರು, ಎಲ್ಲಿಯವರು, ಇಲ್ಲಿಗೇಕೆ ಬಂದಿರಿ ಎಂದು ಕೇಳಲಿಲ್ಲ. ಇನ್ಸುಲಿನ್ ವಿಷಯ ತಿಳಿದೊಡನೆ ಮೀನಿನ ಪೆಟ್ಟಿಗೆಯಿಂದ ಐಸ್ ತೆಗೆದು ಕೊಟ್ಟರು. ಮದ್ದನ್ನು ಬಟ್ಟೆಯಲ್ಲಿ ಸುತ್ತಿ ಅದರ ಬದಿಗಿಟ್ಟೆವು. ಬಳಿಕ ಉದ್ದನೆಯ ಹಗ್ಗಗಳನ್ನು ಒಂದಕ್ಕೊಂದು ಬಿಗಿದು, ತಮ್ಮ ಪಿಕಪ್ಪನ್ನು ಗಟ್ಟಿ ನೆಲದಲ್ಲೇ ನಿಲ್ಲಿಸಿ ಎಳೆಯತೊಡಗಿದರು. ಒಮ್ಮೆ ಹಗ್ಗ ತುಂಡಾಯಿತು. ವಾಹನ ಹೊರಬರುವಾಗ ಸೂರ್ಯ ಮುಳುಗಿದ್ದ.

ಅಷ್ಟಕ್ಕೇ ಬಿಡಲಿಲ್ಲ, ಮನೆಗೆ ಕರೆದೊಯ್ದರು. ಈದ್‌ನ ದಿನಗಳು. ಒಂದೇ ದೊಡ್ಡ ತಟ್ಟೆಯಲ್ಲಿ ಅನ್ನ ಮತ್ತು ಕುರ್ಬಾನಿಯ ಮಾಂಸ ಬಂತು. ಉಡುಪಿಯ ಮಿತ್ರರು ಮಾಂಸ ತಿನ್ನುವುದಿಲ್ಲವೆಂದು ತಿಳಿದಾಗ ಯಾರೂ ಮುಖ ಗಂಟಿಕ್ಕಲಿಲ್ಲ. ಅವರಿಗಾಗಿ ಬೇರೆಯೇ ತಟ್ಟೆಯಲ್ಲಿ ಅನ್ನ, ಮೊಸರು, ಖರ್ಜೂರ ಬಂದವು. ನಮ್ಮ ಹೆಸರುಗಳನ್ನು ಅವರು ಕೇಳಿದ್ದು ಊಟ ಮುಗಿದು ಖಾವಾ ಕುಡಿಯುವಾಗ. ಬೆಳಿಗ್ಗೆ ಹೊರಡುವಾಗ ನಾವು ಹಣ ಕೊಡಲು ಮುಂದಾದೆವು. ಹಿರಿಯರು ಕೈ ಹಿಂದೆಗೆದುಕೊಂಡು ಹೇಳಿದರು: “ಇಂದು ನೀವು ಮರಳಿನಲ್ಲಿದ್ದೀರಿ. ನಾಳೆ ನಾನು ನಡುಗಡಲಿನಲ್ಲಿರುತ್ತೇನೆ.”

ಮುಂದೆ ದುಕ್ಮ್, ಶುವೈಮಿಯಾ, ಹಾಸಿಕ್, ಮಿರ್ಬಾತ್ ದಾಟಿದೆವು. ಸಲಾಲ ಸಮೀಪಿಸುತ್ತಿದ್ದಂತೆ ಮರುಭೂಮಿ ಮಾಯವಾಗಿ ಮಂಜು, ತುಂತುರು ಮಳೆ, ಹಸಿರು ಬೆಟ್ಟಗಳು ಎದುರಾದವು. ನಮ್ಮ ಕರಾವಳಿಗೆ ಮಳೆ ಸುರಿಸುವ ನೈರುತ್ಯ ಮಾರುತವೇ ಅಲ್ಲಿ ‘ಖರೀಫ್’. ರಸ್ತೆ ಬದಿಯಲ್ಲಿ ಎಳನೀರು, ಬಾಳೆಹಣ್ಣು ಮಾರುತ್ತಿದ್ದರು. ಊರು ತಲುಪಿದಂತೆಯೇ ಅನಿಸಿತು. ಎಳನೀರು ಹಿಡಿದುಕೊಂಡು ಉಡುಪಿಯ ಮಿತ್ರರು ಹೇಳಿದರು: “ನನ್ನ ಹೆಸರು ಕೂಡ ಕೇಳಲಿಲ್ಲ ಮಾರಾಯ್ರೆ, ನೀರು ಉಂಟಾ ಅಂತ ಕೇಳಿದ್ರು.”

ಆ ಮಾತು ನಮ್ಮ ಇಂದಿನ ಕರಾವಳಿಗೆ ಕೇಳಿಸಬೇಕಾದ ಮಾತು. ಇಲ್ಲಿ ಇಬ್ಬರು ಜೊತೆಯಾಗಿ ಪ್ರಯಾಣಿಸಿದರೆ ಮೊದಲು ಹೆಸರು ವಿಚಾರಿಸುವವರಿದ್ದಾರೆ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು ದುಡಿಯುತ್ತಾರೆ. ಅವರು ನಡೆಸಿದ ಬೋಟಿನ ಮೀನು ನಮ್ಮ ತಟ್ಟೆಗೆ ಬರುತ್ತದೆ, ಅವರ ಊರಿನ ಹೆಸರು ನಮಗೆ ತಿಳಿದಿರುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಕ್ಕಳನ್ನು ಹೆಗಲಿಗೇರಿಸಿಕೊಂಡು ನೂರಾರು ಮೈಲಿ ನಡೆದವರೂ ದಾರಿಯ ಮಕ್ಕಳೇ. ಗಲ್ಫ್‌ನಲ್ಲಿ ದುಡಿದ ಕುಟುಂಬಗಳು ನಮ್ಮ ನಡುವೆ ಎಷ್ಟಿಲ್ಲ? ಪರದೇಶದಲ್ಲಿ ನಮ್ಮವರಿಗೆ ಯಾರೋ ಕೊಟ್ಟ ಒಂದು ಲೋಟ ನೀರಿನ ಋಣ ನಮ್ಮ ಊರಿನ ರಸ್ತೆಯಲ್ಲಿ ತೀರಬೇಕಲ್ಲವೇ?

ಇದಕ್ಕೆ ದೊಡ್ಡ ಸಂಸ್ಥೆ ಬೇಕಾಗಿಲ್ಲ. ಮಳೆಯಲ್ಲಿ ಕೆಟ್ಟು ನಿಂತ ಲಾರಿಯ ಚಾಲಕನಿಗೆ ಮಸೀದಿಯ ಜಗಲಿ, ಶೌಚಾಲಯ ತೆರೆದಿರಲಿ. ಹೊರ ರಾಜ್ಯದ ಕೂಲಿಯಾಳಿಗೆ ಜ್ವರ ಬಂದಾಗ ಆಸ್ಪತ್ರೆಯವರೆಗೆ ಒಬ್ಬರು ಜೊತೆಗೆ ಹೋಗಲಿ. ಬಕ್ರೀದ್‌ನ ಊಟದಲ್ಲಿ ಅವನಿಗೂ ಒಂದು ಪಾಲಿರಲಿ. ಮಾಂಸ ತಿನ್ನದವನಾದರೆ ಅವನು ತಿನ್ನುವುದು ಇರಲಿ. ಹೆಸರನ್ನು ಆಮೇಲೆ ಕೇಳೋಣ. ಮೊದಲು ನೀರು ಇದೆಯೇ ಎಂದು ಕೇಳೋಣ.