ಕುತ್ತಿಗೆಮಟ್ಟ ತುಂಬಿಸಿದ ಟ್ಯಾಂಕು

ಬಂಕಿನಲ್ಲಿ ನಾಝಲ್ ‘ಟಕ್’ ಎಂದು ನಿಂತ ಮೇಲೂ ‘ಇನ್ನೊಂದು ಚೂರು ಹಾಕಿ’ ಎನ್ನದ ಪಿಕಪ್ ಮಾಲೀಕರು ನಮ್ಮ ಅಂಕೋಲಾ–ಯಲ್ಲಾಪುರ ರಸ್ತೆಯಲ್ಲಿ ಕಡಿಮೆ. ನಾನು ಹಾಗೆ ಕೇಳುವವರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ಟ್ಯಾಂಕಿಗೇ ತೂತು ಕೊರೆಸಿದೆ.

ಈ ರಸ್ತೆಯ ರಾಮನಗುಳಿಯಲ್ಲಿ ಪಿಕಪ್ ಇಟ್ಟುಕೊಂಡವನ ಲೆಕ್ಕಾಚಾರವೆಲ್ಲ ಡೀಸೆಲ್ ಸುತ್ತಲೇ ತಿರುಗುತ್ತದೆ. ಒಂದು ಕಡೆ ಗಂಗಾವಳಿ ನದಿ, ಇನ್ನೊಂದು ಕಡೆ ಕಾಡು. ಅಡಿಕೆ, ಬಾಳೆಗೊನೆ ಹೇರಿಕೊಂಡು ಮೇಲೆ ಹೋಗಬೇಕಾದರೆ ಅರಬೈಲ್ ಘಟ್ಟ ಹತ್ತಬೇಕು. ಮೀನು, ತೆಂಗಿನಕಾಯಿಯ ಬಾಡಿಗೆ ಸಿಕ್ಕಿದರೆ ಅಂಕೋಲೆಗೆ, ಕಾರವಾರಕ್ಕೆ ಇಳಿಯಬೇಕು. 2024ರ ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.3ರಿಂದ ಶೇ 18.4ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿಗೂ ಹೆಚ್ಚು ಏರಿತು. ಅದಾಗಿ ತಿಂಗಳು ತುಂಬಿತ್ತು ಅಷ್ಟೆ, ಜುಲೈ 16ರಂದು ಅಂಕೋಲೆ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಗ್ಯಾಸ್ ಟ್ಯಾಂಕರೇ ಗಂಗಾವಳಿಯಲ್ಲಿ ತೇಲಿಹೋದ ದಿನ ಅದು. ಆಮೇಲೆ ಕುಮಟೆಯ ಬಾಡಿಗೆ ಎಂದರೆ ಊರೆಲ್ಲ ಸುತ್ತಿ ಹೋಗಬೇಕಿತ್ತು. ಟ್ಯಾಂಕಿನ ಮುಳ್ಳು ಕೆಳಗಿಳಿದಂತೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

ಕಾರವಾರದಾಚೆ ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಡೀಸೆಲ್ ಆಗ ಲೀಟರಿಗೆ ಒಂದೆರಡು ರೂಪಾಯಿ ಕಡಿಮೆ ಇತ್ತು. ಕಾರವಾರದ ಕಡೆ ಬಾಡಿಗೆ ಸಿಕ್ಕಾಗ ಅಲ್ಲಿಗೇ ಹೋಗಿ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ಅನೇಕರ ರೂಢಿ. ಅಷ್ಟು ದೂರ ಹೋದ ಮೇಲೆ ಟ್ಯಾಂಕು ಇನ್ನೂ ಸ್ವಲ್ಪ ದೊಡ್ಡದಿದ್ದರೆ ಎಂಬ ಆಸೆ ಹುಟ್ಟಿತು. ಪರಿಚಯದ ಮೆಕ್ಯಾನಿಕ್ ಒಬ್ಬ ಆ ಆಸೆಗೆ ನೀರೆರೆದ. “ದೊಡ್ಡ ಟ್ಯಾಂಕು ಯಾಕೆ ಮಾರಾಯ್ರೆ? ಇದ್ದದ್ರಲ್ಲೇ ಕಂಪನಿಯವ್ರು ಮೇಲ್ಗಡೆ ಜಾಗ ಖಾಲಿ ಬಿಟ್ಟಿದಾರೆ. ಗಾಳಿ ಹೊರಗೆ ಬಿಟ್ರೆ ಆಯ್ತು, ಡೀಸೆಲ್ ತಾನಾಗೇ ಹೋಗಿ ಕೂರ್ತದೆ.”

ಅವನು ಹೇಳಿದ್ದು ಅರ್ಧ ನಿಜ. ಅದಕ್ಕೇ ನಾನು ನಂಬಿದ್ದು. ಪಿಕಪ್‌ನ ಟ್ಯಾಂಕು ಚಪ್ಪಟೆ, ಉದ್ದ. ಚಾಸಿಯ ಪಕ್ಕಕ್ಕೆ ಆತುಕೊಂಡಿರುತ್ತದೆ. ಡೀಸೆಲ್ ಒಳಗೆ ಹೋದಂತೆ ಒಳಗಿನ ಗಾಳಿ ಒಂದು ಸಣ್ಣ ಪೈಪಿನ ಮೂಲಕ ಹೊರಬರಬೇಕು. ಆ ಪೈಪಿನ ಬಾಯಿ ಟ್ಯಾಂಕಿನ ನೆತ್ತಿಯಿಂದ ಸ್ವಲ್ಪ ಕೆಳಗೇ ಇರುತ್ತದೆ. ಡೀಸೆಲ್ ಅಲ್ಲಿಯವರೆಗೆ ಏರಿದೊಡನೆ ಗಾಳಿಯ ದಾರಿ ಮುಚ್ಚಿ, ಡೀಸೆಲ್ ಕುತ್ತಿಗೆ ಪೈಪಿಗೆ ಏರುತ್ತದೆ. ನಾಝಲ್‌ನ ತುದಿಯಲ್ಲಿ ಒಂದು ಪುಟ್ಟ ರಂಧ್ರವಿದೆ. ಅದನ್ನು ಡೀಸೆಲ್ ಅಥವಾ ನೊರೆ ಮುಚ್ಚಿದರೆ ಒಳಗಿನ ನಿರ್ವಾತ ಒಂದು ಪೊರೆಯನ್ನು ಎಳೆದು ವಾಲ್ವನ್ನು ಮುಚ್ಚುತ್ತದೆ. ನಮಗೆ ಕೇಳುವ ‘ಟಕ್’ ಅದೇ. ನೆತ್ತಿಯಲ್ಲಿ ಉಳಿದ ಗಾಳಿ ಅಲ್ಲೇ ಸಿಕ್ಕಿಬಿದ್ದಿರುತ್ತದೆ.

ಮೆಕ್ಯಾನಿಕ್ ಟ್ಯಾಂಕು ಇಳಿಸಿ, ಹಿಂಬದಿಯ ನೆತ್ತಿಗೆ ತೂತು ಕೊರೆದು, ಒಂದು ನಿಪ್ಪಲ್ ಕೂರಿಸಿ, ರಬ್ಬರ್ ಪೈಪ್ ಎಳೆದು, ತುದಿಯನ್ನು ಹಿಂಚಕ್ರದ ಮೇಲೆ ಕಟ್ಟಿದ. ಮುಂದಿನ ಸಲ 60 ಲೀಟರಿನ ಟ್ಯಾಂಕಿಗೆ ಸುಮಾರು ಆರು ಲೀಟರ್ ಹೆಚ್ಚು ಹಿಡಿಯಿತು. ಬಂಕಿನ ಹುಡುಗ ಮೀಟರ್ ನೋಡಿ ಬೆರಗಾದ. ನಾನು ಬೀಗಿದೆ. ಆರು ಲೀಟರಿಗೆ ಎರಡು ರೂಪಾಯಿಯಂತೆ ಉಳಿಯುವುದು ಹನ್ನೆರಡು ರೂಪಾಯಿ ಎಂದು ಲೆಕ್ಕ ಹಾಕುವ ಬುದ್ಧಿ ಆಗ ಬರಲಿಲ್ಲ.

ಬೇಸಿಗೆಯಲ್ಲಿ ಮೊದಲ ಸೂಚನೆ ಸಿಕ್ಕಿತು. ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಹಿಂಚಕ್ರದ ಬಳಿ ಮಣ್ಣು ಕಪ್ಪಗೆ ನೆನೆದಿತ್ತು. ಬಂಕಿನವರ ಡೀಸೆಲ್ ನೆಲದಡಿಯ ತಂಪಿನಿಂದ ಬರುತ್ತದೆ. ಬಿಸಿಲಿಗೆ 10 ಡಿಗ್ರಿ ಕಾದರೆ 60 ಲೀಟರ್ ಡೀಸೆಲ್ ಅರ್ಧ ಲೀಟರಿನಷ್ಟು ಹಿಗ್ಗುತ್ತದೆ. ಗಾಡಿ ಓಡುವಾಗಲೂ ಎಂಜಿನ್ ಬಳಸದೆ ಬಿಟ್ಟ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೇ ಮರಳುತ್ತದೆ. ಹಾಲು ಕಾಯಿಸುವ ಪಾತ್ರೆಯನ್ನು ಯಾರೂ ಅಂಚಿನತನಕ ತುಂಬುವುದಿಲ್ಲ. ಕಂಪನಿಯವರು ‘ಖಾಲಿ’ ಬಿಟ್ಟ ಜಾಗ ಇರುವುದು ಈ ಹಿಗ್ಗುವಿಕೆಗೆ. ನಾನು ಅಷ್ಟು ದೂರ ಯೋಚಿಸಲಿಲ್ಲ. ಪೈಪಿನ ಕ್ಲಿಪ್ ಸಡಿಲವಾಗಿರಬೇಕು ಎಂದುಕೊಂಡು ಬಿಗಿಮಾಡಿದೆ.

2025ರ ಮಳೆಗಾಲದ ಆರಂಭ. ಯಲ್ಲಾಪುರಕ್ಕೆ ಬಾಡಿಗೆ ಇತ್ತು. ಬೆಳಿಗ್ಗೆ ಹೊರಡುವಾಗ ಮನೆಯಲ್ಲಿದ್ದ ಕ್ಯಾನಿನ ಡೀಸೆಲನ್ನೂ ಸುರಿದು ಟ್ಯಾಂಕನ್ನು ಕುತ್ತಿಗೆಮಟ್ಟ ಮಾಡಿದೆ. ಗುಳ್ಳಾಪುರ ದಾಟಿ ಘಟ್ಟ ಹತ್ತತೊಡಗಿದೆ. ಗಾಡಿಯ ಮೂತಿ ಮೇಲಾದರೆ ಡೀಸೆಲ್ ಹಿಂದಕ್ಕೆ ಸರಿಯುತ್ತದೆ. ಹಿಂದೆಯೇ ನನ್ನ ಹೊಸ ತೂತು. ಕಂಪನಿಯ ಗಾಳಿ ಪೈಪಿಗೆ ಸಾಮಾನ್ಯವಾಗಿ ಗಾಡಿ ತೀರಾ ವಾಲಿದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇರುತ್ತದೆ. ನನ್ನ ರಬ್ಬರ್ ಪೈಪಿಗೆ ಏನೂ ಇರಲಿಲ್ಲ. ತಿರುವಿನಲ್ಲಿ ಗಾಡಿ ಕುಲುಕಿದಾಗಲೆಲ್ಲ ಡೀಸೆಲ್ ಹೊರಚೆಲ್ಲುತ್ತಿತ್ತು. ಕ್ಯಾಬಿನ್‌ನಲ್ಲಿ ಕೂತವನಿಗೆ ಏನೂ ಗೊತ್ತಾಗಲಿಲ್ಲ.

ಹಿಂದಿನಿಂದ ಸದ್ದು ಕೇಳಿ ಕನ್ನಡಿ ನೋಡಿದೆ. ಬೈಕೊಂದು ಅಡ್ಡಬಿದ್ದು ಜಾರುತ್ತಾ ರಸ್ತೆಯಂಚಿಗೆ ಹೋಗುತ್ತಿತ್ತು. ಗಾಡಿ ನಿಲ್ಲಿಸಿ ಓಡಿದೆ. ಒದ್ದೆ ಡಾಂಬರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪಟ್ಟಿ. ಅದು ನೇರ ನನ್ನ ಹಿಂಚಕ್ರಕ್ಕೆ ಬಂದು ಮುಟ್ಟಿತ್ತು. ಹುಡುಗನ ಮೊಣಕೈ ಸುಲಿದಿತ್ತು, ಮಣಿಕಟ್ಟು ಊದಿಕೊಳ್ಳುತ್ತಿತ್ತು. ಅವನು ಎದ್ದು ನಿಂತು ಮೊದಲು ಕೇಳಿದ್ದು, “ಅಣ್ಣಾ, ಯಾವ್ದೋ ಲಾರಿ ಆಯಿಲ್ ಚೆಲ್ಲಿ ಹೋಗಿದೆ, ನೀವು ನೋಡಿದ್ರಾ?” ಅಂತ. ನನ್ನ ಗಾಡಿಯ ಕೆಳಗೆ ಬೆರಳು ತೋರಿಸಿದೆ. ಬಾಯಲ್ಲಿ ಮಾತು ಹೊರಡಲಿಲ್ಲ. ಕೆಳಗಿನಿಂದ ಬರುತ್ತಿದ್ದ ಲಾರಿಯವರು ನಿಲ್ಲಿಸಿ, ರಸ್ತೆ ಬದಿಯ ಕೆಮ್ಮಣ್ಣನ್ನು ಬೊಗಸೆ ಬೊಗಸೆಯಾಗಿ ತಂದು ಆ ಪಟ್ಟಿಯ ಮೇಲೆ ಹರಡಿದರು. ಅವರಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ.

ಅದೇ ವರ್ಷದ ಜನವರಿ 22ರಂದು ಇದೇ ಘಟ್ಟದಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹೊರಟ ತರಕಾರಿ ಲಾರಿ ಕಣಿವೆಗೆ ಬಿದ್ದು ಹತ್ತು ಮಂದಿ ಸತ್ತಿದ್ದರು. ಅದಕ್ಕೆ ಮರುಗಿದವರಲ್ಲಿ ನಾನೂ ಒಬ್ಬ. ಆಗಲೂ ನನ್ನ ಟ್ಯಾಂಕಿನಲ್ಲಿ ತೂತು ಇತ್ತು.

ಹುಡುಗನ ಕೈ ಮುರಿದಿರಲಿಲ್ಲ. ಆಸ್ಪತ್ರೆ ಖರ್ಚು, ಬೈಕಿನ ರಿಪೇರಿ ಕೊಟ್ಟೆ. ಅವನು ದೂರು ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಕಂಪನಿಯ ಮೂಲ ವಿನ್ಯಾಸ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಹಾಗೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವಿಮೆಯವರು ಟ್ಯಾಂಕಿನ ತೂತು ನೋಡಿದ್ದರೆ ಕಡತವನ್ನು ಅಲ್ಲೇ ಮುಚ್ಚುತ್ತಿದ್ದರೋ ಏನೋ.

ಲೆಕ್ಕ ಅಷ್ಟಕ್ಕೇ ಮುಗಿಯಲಿಲ್ಲ. ಚಕ್ರ ಎರಚಿದ ಮಳೆನೀರು ಅದೇ ಪೈಪಿನಿಂದ ಒಳಗೂ ಹೋಗಿತ್ತು. ಕೊರೆದಾಗಿನ ಲೋಹದ ಪುಡಿ ತಳದಲ್ಲಿ ಕೂತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ನೀರಿನ ದೀಪ ಹತ್ತಿದಾಗ ನೀರು ಬಸಿದು ಸುಮ್ಮನಾದೆ. ಆಮೇಲೆ ಎಂಜಿನ್ ನಡುಗತೊಡಗಿತು, ಹೊಗೆ ಕಾರಿತು. ಈಗಿನ ಕಾಮನ್ ರೈಲ್ ಎಂಜಿನ್‌ಗಳ ಇಂಜೆಕ್ಟರ್‌ಗೆ ಡೀಸೆಲೇ ಜಾರೆಣ್ಣೆ. ಅದರೊಳಗೆ ನೀರು ಸೇರಿದರೆ ಲೋಹ ಲೋಹವನ್ನೇ ತಿನ್ನುತ್ತದೆ. ಇಂಜೆಕ್ಟರ್ ಬದಲಾಯಿಸಿ, ಹೊಸ ಟ್ಯಾಂಕು ಹಾಕಿಸಿದೆ. ಆ ಬಿಲ್ಲಿನ ಹಣ ಗೋವಾ ಡೀಸೆಲ್‌ನಿಂದ ಉಳಿಯಬೇಕಾದರೆ ನನ್ನ ಮೊಮ್ಮಕ್ಕಳೂ ಅದೇ ಗಾಡಿ ಓಡಿಸಬೇಕು.

ಈಗ ನನ್ನ ಕ್ರಮ ಸರಳ. ಮೊದಲ ‘ಟಕ್’ಗೆ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಮುಳ್ಳು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸುತ್ತೇನೆ. ರಸ್ತೆ ಬಂದಾದರೆ ಸುತ್ತು ದಾರಿಯಲ್ಲಿ ಬಂಕು ಎಲ್ಲಿದೆ ಎಂದು ವಿಚಾರಿಸಿಯೇ ಹೊರಡುತ್ತೇನೆ. ಟ್ಯಾಂಕು ದೊಡ್ಡದು ಮಾಡಿ ಪಡೆಯಬೇಕೆಂದಿದ್ದ ನೆಮ್ಮದಿ ಇಷ್ಟರಲ್ಲೇ ಸಿಕ್ಕಿದೆ.

ನಿಮ್ಮ ಗಾಡಿಗೂ ಯಾರಾದರೂ ಇಂಥ ತೂತು ಕೊರೆದಿದ್ದರೆ, ಮುಂದಿನ ಬಾಡಿಗೆಗೆ ಮೊದಲು ಟ್ಯಾಂಕು ಬದಲಾಯಿಸಿ. ಚೆಲ್ಲಿದ ಡೀಸೆಲ್ ಮೇಲೆ ಜಾರಿ ಬೀಳುವವರು ನಾವಲ್ಲ, ಹಿಂದೆ ಬರುವವರು.